ಲಾಭದಿಂದ ಎಣಿಸಿದ ಚೆಂಡುಗಳು

ಅರಸೀಕೆರೆಯಲ್ಲಿ ತೆಂಗಿನಕಾಯಿ ಸುಲಿಯುವವನಿಗೆ ಯಾರೂ ಗೌರವಧನ ಕೊಡುವುದಿಲ್ಲ. ಕೊಡಲು ಹೋದರೆ ಆತ ನೆಲಕ್ಕೆ ನೆಟ್ಟ ಹಾರೆ ಕಿತ್ತುಕೊಂಡು ಮುಂದಿನ ತೋಟಕ್ಕೆ ನಡೆಯುತ್ತಾನೆ. ಕಾಯಿಗೆ ಇಷ್ಟು ಎಂದು ಮೊದಲೇ ಮಾತಾಗಬೇಕು, ಮಾತಾದಷ್ಟು ಸಂಜೆ ಕೈಗೆ ಬೀಳಬೇಕು. ಗೌರವಧನವೆಂಬ ಚೆಂದದ ಪದವನ್ನು ನಾವು ಅಂಗನವಾಡಿ ನಡೆಸುವವರಿಗೆ, ಬಾಣಂತಿಯರ ಮನೆ ಬಾಗಿಲಿಗೆ ನಡೆದುಹೋಗುವವರಿಗೆ, ಮಕ್ಕಳಿಗೆ ಏನಾದರೊಂದು ಕಲಿಸುವವರಿಗೆ ಮೀಸಲಿಟ್ಟಿದ್ದೇವೆ. ಆ ಪದದಲ್ಲಿ ಗೌರವ ಎಷ್ಟು ಊದಿಕೊಂಡಿದೆಯೋ ಧನ ಅಷ್ಟೇ ಬಡಕಲಾಗಿದೆ.

ಗಂಡಸಿ ಊರಿನ ಯಶೋಧರಾಳಿಗೆ ಸಿಗುತ್ತಿದ್ದುದೂ ಅದೇ. ಮೈಸೂರಿನಲ್ಲಿ ಬಿ.ಪಿ.ಎಡ್. ಮಾಡಿ, ವಿಶ್ವವಿದ್ಯಾಲಯದ ಪರವಾಗಿ ಟೆನಿಸ್ ಆಡಿ ಬಂದ ಹುಡುಗಿ. ಅರಸೀಕೆರೆಯ ಒಂದು ಕ್ಲಬ್ಬಿನವರು ಕಾಯಿ ರಾಶಿ ಹಾಕುತ್ತಿದ್ದ ಜಾಗವನ್ನು ಸಮ ಮಾಡಿ ಬಲೆ ಕಟ್ಟಿದಾಗ, ಕೋಚ್ ಆಗಿ ಬಂದು ಸೇರಿದಳು. ರೋಲರ್ ಎಳೆದವಳೂ ಅವಳೇ, ಸುಣ್ಣದ ಗೆರೆ ಹಾಕಿದವಳೂ ಅವಳೇ. ಹಾರನಹಳ್ಳಿಯಿಂದ ಟೆಂಪೋ ಹತ್ತಿ ಬರುವ ಮಕ್ಕಳು ಕಾಯಿ ನಾರಿನ ನಡುವೆ ಬಿದ್ದ ಚೆಂಡು ಹುಡುಕುತ್ತಲೇ ಆಟ ಕಲಿತರು. ಪ್ರತಿ ವಾರ್ಷಿಕೋತ್ಸವದಲ್ಲೂ ಅವಳಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಊರಿನ ಹೆಮ್ಮೆ ಎಂದು ಭಾಷಣ ಮಾಡುತ್ತಿದ್ದರು. ಮನೆಯಲ್ಲಿ ಆ ಶಾಲುಗಳು ರಾಗಿ ಮೂಟೆಗೆ ಹೊದಿಕೆಯಾಗಿದ್ದವು. ರಾಗಿಗಾದರೂ ಚಳಿಯಾಗದಿರಲಿ ಎಂಬುದು ತಾಯಿ ಮುತ್ತಮ್ಮನ ವಾದ.

ಈ ಸಲ ಹಳೇಬೀಡು ಕಡೆಯ ಶಾಲೆಯೊಂದು ಅವಳನ್ನು ಆಟದ ಟೀಚರ್ ಕೆಲಸಕ್ಕೆ ಕರೆದಿತ್ತು. ಗೊತ್ತಾದ ಸಂಬಳ, ಸೋಮವಾರದೊಳಗೆ ಉತ್ತರ ಹೇಳಬೇಕು. ಆದರೆ ಅಲ್ಲಿ ಟೆನಿಸ್ ಇರಲಿಲ್ಲ. ಬೆಳಗಿನ ಡ್ರಿಲ್ ಮಾಡಿಸುವುದು, ಸಾಲು ನಿಲ್ಲಿಸುವುದು, ಉಗುರು ನೋಡುವುದು. ಹೋದರೆ ಆಟ ಬಿಟ್ಟಂತೆ. ಉಳಿಯಬೇಕೆಂದರೆ ಕ್ಲಬ್ಬಿನಲ್ಲಿ ಒಂದು ಸಂಬಳ ನಿಗದಿಯಾಗಬೇಕು.

ಕ್ಲಬ್ಬಿನ ಸಭೆಗೆ ಹೊರಟು ನಿಂತ ಮಗಳನ್ನು ಮುತ್ತಮ್ಮ ಬಾಗಿಲಲ್ಲೇ ತಡೆದಳು.

‘ನಮ್ಮವ್ವ ಗೌಡ್ರ ಕಣದಾಗೆ ದುಡ್ದು, ಅವ್ರು ಕೊಟ್ಟಷ್ಟು ಸೆರಗಿಗೆ ಹಾಕ್ಕೊಂಡು ಬತ್ತಿದ್ಲು. ಇಷ್ಟು ಅಂತ ಕೇಳೋ ಹಂಗಿರ್ಲಿಲ್ಲ. ನೀನೂ ಕೊಟ್ಟಷ್ಟೇ ಇಸ್ಕೊಂಡು ಬಾ. ಓದ್ಸಿದ್ದು ಸಾರ್ಥಕ ಆಯ್ತದೆ.’

ಯಶೋಧರಾ ಚಪ್ಪಲಿ ಮೆಟ್ಟಿ ಹೊರಟಳು. ಆ ಮಾತು ಬಸ್ಸಿನಲ್ಲೂ ಪಕ್ಕದ ಸೀಟಿನಲ್ಲೇ ಕೂತು ಬಂತು.

ಶುಕ್ರವಾರ ಸಂಜೆಯ ಸಭೆಯಲ್ಲಿ ಮೊದಲು ಮಕ್ಕಳ ಫೀಸು ಚರ್ಚೆಗೆ ಬಂತು. ಅಧ್ಯಕ್ಷರು ತೆಂಗಿನಕಾಯಿ ಮಂಡಿಯ ಚಿದಂಬರ. ಕಾರ್ಯದರ್ಶಿ ನಿವೃತ್ತ ಮುಖ್ಯೋಪಾಧ್ಯಾಯಿನಿ ಕಮಲಾಕ್ಷಮ್ಮ. ಸದಸ್ಯರ ಮಕ್ಕಳಿಗೆ ಅರ್ಧ ಫೀಸು ಎಂದಾಯಿತು. ಅಣ್ಣ ತಂಗಿ ಬಂದರೆ ಒಂದೇ ಫೀಸು ಎಂದಾಯಿತು. ಹತ್ತು ಮಕ್ಕಳಿಗೆ ಒಂದು ಮಗು ಕೊಸರು ಎಂಬ ಹಳೆಯ ನಿಯಮವೂ ಮುಂದುವರಿಯಿತು. ಸೊಪ್ಪಿನ ಕಟ್ಟಿನ ಮೇಲೆ ನಾಲ್ಕು ಎಸಳು ಹೆಚ್ಚಿಗೆ ಹಾಕಿಸಿಕೊಂಡ ಹಾಗೆ ಒಂದು ಮಗುವಿಗೆ ಪಾಠ ಪುಕ್ಕಟೆ. ಆ ಕೊಸರು ಮಗು ಪ್ರತಿ ವರ್ಷವೂ ಅಧ್ಯಕ್ಷರ ಮೊಮ್ಮಗಳು ದಿವ್ಯಾಳೇ ಆಗಿರುತ್ತಿದ್ದುದು ಕೇವಲ ಕಾಕತಾಳೀಯವೆಂದು ಎಲ್ಲರೂ ನಂಬಿದ್ದರು. ಹೀಗೆ ಬಂದ ಹಣದಲ್ಲಿ ಬಲೆ, ಬಲ್ಬು, ಕಮಿಟಿಯ ಚಹಾ, ಕೋಡುಬಳೆ ಕಳೆದು ತಳದಲ್ಲಿ ಉಳಿದ ಪುಡಿಗೆ ಗೌರವಧನ ಎಂದು ಹೆಸರು.

ಯಶೋಧರಾ ಎದ್ದು, ಹಳೇಬೀಡಿನ ಶಾಲೆ ಕೊಡುವ ಸಂಬಳವೆಷ್ಟೆಂದು ಹೇಳಿ, ತನಗೆ ಗೌರವಧನ ಬೇಡ, ಸಂಬಳ ಬೇಕು ಎಂದಳು. ಚಿದಂಬರ ಅವರಿಗೆ ನಿಜವಾಗಿಯೂ ನೋವಾಯಿತು.

‘ಗೌರವಧನ ಅಂದ್ರೆ ಮರ್ಯಾದೆ ಕಣಮ್ಮ. ಎಲ್ರಿಗೂ ಕೊಡ್ತೀವಾ?’

‘ನಿಮ್ಮ ಮಂಡೀಲಿ ಕಾಯಿ ಸುಲಿಯೋರಿಗೆ ಏನ್ ಕೊಡ್ತೀರಿ ಸಾರ್?’

‘ಅದು ಕೂಲಿ. ಕಾಯಿಗಿಷ್ಟು ಅಂತ.’

‘ಸಂಬಳ ಆಗಲ್ಲ ಅಂದ್ರೆ ನನಗೂ ಹಂಗೇ ಕೊಡಿ. ಚೆಂಡಿಗಿಷ್ಟು ಅಂತ.’

ಸಭೆ ಬೆಚ್ಚಿತು. ಕೋಚ್ ಬಾಯಲ್ಲಿ ಕೂಲಿಯ ಮಾತೇ ಎಂದು ಕಮಲಾಕ್ಷಮ್ಮ ಕನ್ನಡಕ ತೆಗೆದರು. ಚಿದಂಬರ ಮಾತ್ರ ಮೂಲೆಯ ಬುಟ್ಟಿಯತ್ತ ಕಣ್ಣು ಹಾಯಿಸಿದರು. ರೋಮ ಉದುರಿದ ಹಳೇ ಚೆಂಡುಗಳ ಒಂದೇ ಒಂದು ಬುಟ್ಟಿ. ಇಷ್ಟಕ್ಕೆ ಸುಲಿತದ ರೇಟು ಹಾಕಿದರೆ ಕೋಡುಬಳೆಯ ಖರ್ಚಿಗಿಂತ ಕಡಿಮೆ. ಹುಡುಗಿ ಮನಸ್ಸು ಬದಲಿಸುವ ಮುಂಚೆ ಒಪ್ಪಿಬಿಟ್ಟರು: ಕೋಚ್ ಹೊಡೆದುಕೊಡುವ ಪ್ರತಿ ಚೆಂಡಿಗೆ ಒಂದು ಕಾಯಿ ಸುಲಿದಷ್ಟು ಕೂಲಿ. ಕಮಲಾಕ್ಷಮ್ಮ ನಿರ್ಣಯ ಬರೆದರು, ಎಲ್ಲರೂ ಸಹಿ ಹಾಕಿದರು.

ಮಂಡಿಯಲ್ಲಿ ಹುಟ್ಟಿ ಬೆಳೆದ ಮನುಷ್ಯ ಮಾತ್ರ ಮಾಡಬಹುದಾದ ತಪ್ಪು ಅದು. ಸುಲಿದ ಕಾಯಿ ಮತ್ತೆ ಮಟ್ಟೆ ಹೊದ್ದುಕೊಂಡು ರಾಶಿಗೆ ಬರುವುದಿಲ್ಲ. ಚೆಂಡು ಬರುತ್ತದೆ.

ಶನಿವಾರ ಬೆಳಿಗ್ಗೆ ಲೆಕ್ಕಕ್ಕೆ ಚಿದಂಬರ ಅವರೇ ಕುರ್ಚಿ ಹಾಕಿಸಿಕೊಂಡು ಕೂತರು, ಹೆಗಲ ಮೇಲೆ ಟವೆಲ್ಲು. ಮುತ್ತಮ್ಮನೂ ಬಂದು ಬೇಲಿ ಪಕ್ಕದ ಕಲ್ಲಿನ ಮೇಲೆ ಕೂತಿದ್ದಳು. ಯಶೋಧರಾ ಮೊದಲ ಚೆಂಡು ಹೊಡೆದಳು. ಅಧ್ಯಕ್ಷರು ಮಂಡಿಯ ರೂಢಿಯಂತೆ ಒಂದು ಅನ್ನುವ ಬದಲು ‘ಲಾಭ’ ಎಂದು ಶುರುಮಾಡಿದರು. ಲಾಭ, ಎರಡು, ಮೂರು. ಬುಟ್ಟಿ ಖಾಲಿಯಾಯಿತು. ಅವರು ತೃಪ್ತಿಯಿಂದ ಎದ್ದು ಪಂಚೆ ಕೊಡವಿಕೊಂಡರು. ಅಷ್ಟರಲ್ಲಿ ಮಕ್ಕಳು ಚೆಂಡುಗಳನ್ನೆಲ್ಲ ಆರಿಸಿ ತಂದು ಬುಟ್ಟಿಗೆ ಸುರಿದರು. ಯಶೋಧರಾ ಮತ್ತೆ ರ್‍ಯಾಕೆಟ್ ಎತ್ತಿದಳು.

‘ಇದು ಆಗ್ಲೇ ಲೆಕ್ಕ ಆಗಿರೋ ಮಾಲು ಕಣಮ್ಮ’ ಎಂದರು ಚಿದಂಬರ.

‘ಚೆಂಡು ಹಳೇದೇ ಸಾರ್, ಹೊಡೆತ ಹೊಸದು.’

ನಿರ್ಣಯದಲ್ಲಿ ಹೊಡೆದುಕೊಡುವ ಚೆಂಡು ಎಂದೇ ಇತ್ತು. ಅವರು ಮತ್ತೆ ಕೂತರು. ಬುಟ್ಟಿ ಖಾಲಿಯಾದಂತೆಲ್ಲ ತುಂಬಿತು, ತುಂಬಿದಂತೆಲ್ಲ ಅವರು ಹೊಸದಾಗಿ ಲಾಭದಿಂದ ಶುರುಮಾಡಿದರು. ಬಿಸಿಲು ಕುರ್ಚಿಯವರೆಗೆ ಬಂತು. ಆಚೆ ಈಚೆ ತಿರುಗಿ ಅವರ ಕತ್ತು ಹಿಡಿದುಕೊಂಡಿತು. ಬೇಲಿಯ ಕಡೆಯಿಂದ ಮುತ್ತಮ್ಮನ ಧ್ವನಿ ಬಂತು.

‘ಆಗ್ಲಿಂದ ಲಾಭ ಲಾಭ ಅಂತೀರಿ ಸ್ವಾಮಿ. ಯಾರ್ದು ಅಂತ ಒಂದು ಕಿತ ಹೇಳಿ.’

ಗೆದ್ದೆ ಎಂದು ಯಶೋಧರಾಳಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಬಲೆಯಾಚೆ ದಿವ್ಯಾ ರ್‍ಯಾಕೆಟನ್ನು ದೋಸೆ ಮೊಗಚುವ ಕೈ ಮಾಡಿ ಹಿಡಿದಿದ್ದಳು. ಯಶೋಧರಾ ಅದನ್ನು ಮೊದಲ ಬುಟ್ಟಿಯಲ್ಲೇ ಕಂಡಿದ್ದಳು. ಕಂಡೂ ನಿಲ್ಲಿಸಿರಲಿಲ್ಲ. ನಿಲ್ಲಿಸಿದರೆ ಚೆಂಡು ಕಡಿಮೆಯಾಗುತ್ತದೆ, ಚೆಂಡು ಕಡಿಮೆಯಾದರೆ ಕೂಲಿ ಕಡಿಮೆಯಾಗುತ್ತದೆ. ತಮಾಷೆಗೆ ಎಳೆದ ಹಗ್ಗ ತನ್ನ ಕೈಯನ್ನೇ ಕಟ್ಟಿತ್ತು. ಅವಳಿಗೆ ನಾಚಿಕೆಯಾಯಿತು.

ರ್‍ಯಾಕೆಟ್ಟನ್ನು ನೆಲಕ್ಕಿಟ್ಟು ಬಲೆ ದಾಟಿ ಹೋದಳು. ದಿವ್ಯಾಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೂರಿಸಿದಳು, ಮೊಣಕೈ ತಿದ್ದಿದಳು, ಚೆಂಡಿಲ್ಲದೆ ಬರೀ ಗಾಳಿಯಲ್ಲಿ ಬೀಸಿಸಿದಳು. ಬಹಳ ಹೊತ್ತು ಹಾಗೇ ನಡೆಯಿತು. ಎಣಿಸಲು ಏನೂ ಇಲ್ಲದೆ ಚಿದಂಬರ ಕುರ್ಚಿಯಲ್ಲಿ ಚಡಪಡಿಸಿದರು.

‘ಈಗ ನಾನು ಏನ್ ಎಣಿಸ್ಲಮ್ಮ?’

‘ಇದನ್ನ ಎಣಿಸಕ್ಕಾಗಲ್ಲ ಸಾರ್. ಅದಕ್ಕೇ ಸಂಬಳ ಅಂತ ಕೇಳಿದ್ದು.’

ಯಶೋಧರಾ ಒಂದು ಚೆಂಡನ್ನು ಮೆಲ್ಲಗೆ ಎಸೆದಳು. ದಿವ್ಯಾ ಬೀಸಿದ ಚೆಂಡು ಮೊದಲ ಬಾರಿಗೆ ಬಲೆಯ ಮೇಲೆ ನೇರವಾಗಿ ಹಾದು ಅಜ್ಜನ ಕುರ್ಚಿಯ ಕಾಲಿಗೆ ಬಡಿಯಿತು. ಅದನ್ನು ಅವರು ಎಣಿಸಲು ಮರೆತರು.

ತರಗತಿ ಮುಗಿದ ಮೇಲೆ ಚಿದಂಬರ ಯಶೋಧರಾಳನ್ನು ಹತ್ತಿರ ಕರೆದು, ಶುಕ್ರವಾರದ ನಿರ್ಣಯವನ್ನು ಹರಿದುಹಾಕಿಸುತ್ತೇನೆ, ಕೊಸರು ಮಗುವೂ ಇನ್ನು ಫೀಸು ಕಟ್ಟುತ್ತದೆ, ಅರ್ಧ ಫೀಸಿನ ಸದಸ್ಯರಿಗೂ ಪೂರ್ತಿ ಕಟ್ಟಲು ನಾನೇ ಹೇಳುತ್ತೇನೆ ಎಂದರು. ಸಂಬಳದ ಮಾತಿಗೆ ಬಂದಾಗ ಅವರ ಕೈ ತನ್ನಷ್ಟಕ್ಕೆ ಹೆಗಲ ಟವೆಲ್ಲಿಗೆ ಹೋಯಿತು. ದನದ ಸಂತೆಯಲ್ಲಿ ಬಟ್ಟೆಯ ಕೆಳಗೆ ಬೆರಳು ಹಿಡಿದು ರೇಟು ಮುಗಿಸುತ್ತಾರಲ್ಲ, ಹಾಗೆ ಟವೆಲ್ಲು ಹೊದಿಸಿ ಕೈ ಚಾಚಿದರು.

ಯಶೋಧರಾ ಟವೆಲ್ಲನ್ನು ಎತ್ತಿ, ಮಡಿಸಿ, ಅವರ ಹೆಗಲ ಮೇಲೆ ವಾಪಸು ಇಟ್ಟಳು.

‘ಬಾಯಲ್ಲೇ ಹೇಳಿ ಸಾರ್. ಎಲ್ಲರಿಗೂ ಕೇಳ್ಲಿ.’

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಹಳೇಬೀಡಿನ ಶಾಲೆಯವರು ಕೊಡುವಷ್ಟನ್ನೇ, ತಿಂಗಳ ಸಂಬಳವೆಂದು ಹೇಳಿದರು. ಯಶೋಧರಾ ತಲೆಯಾಡಿಸಿ, ಆ ಶಾಲೆಗೆ ಬರುವುದಿಲ್ಲವೆಂದು ತಿಳಿಸಲು ಫೋನು ತೆಗೆದಳು.

ಬೇಲಿ ಪಕ್ಕದ ಮುತ್ತಮ್ಮನ ಕಿವಿ ಪಾತಾಳದ ಪಿಸುಮಾತನ್ನೂ ಬಿಡುವಂಥದ್ದಲ್ಲ. ಆದರೂ ಆಕೆ ಅಂಗೈಯನ್ನು ಕಿವಿಯ ಹಿಂದೆ ಹಿಡಿದು ಎದ್ದು ನಿಂತಳು.

‘ಸರಿಯಾಗಿ ಕೇಳ್ಸನಿಲ್ಲ ಸ್ವಾಮಿ. ಇನ್ನೊಂದು ಕಿತ ಹೇಳಿ.’