ತುಪ್ಪ ಅಂದಿದ್ದೆ

ಮೊನ್ನೆ ಮೊಮ್ಮಗಳು ನನ್ನ ಮೂಗುಬೊಟ್ಟು ಹಿಡಿದು ಜಗ್ಗಿದಳು. ರಕ್ತ ಬಂತು. ಕಣ್ಣಲ್ಲಿ ನೀರು ಸುರೀತಿದ್ದರೂ "ಇನ್ನೊಂದ್ಸಲ ಜಗ್ಗೇ ನನ್ನವ್ವ" ಅಂದೆ. ಆ ಬೆರಳಿಗೆ ಅಷ್ಟು ಬಲ ಬಂದಿದೆಯಲ್ಲ ಅಂತ ಓಣಿಗೆಲ್ಲ ಹೇಳಿಕೊಂಡು ಬಂದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆದು ಅಭ್ಯಾಸ ಇಲ್ಲ. ಆದರೆ ಈ ಸಂತೋಷ ಒಳಗೆ ಹಿಡಿಸ್ತಾ ಇಲ್ಲ. ಅದರ ಅಡಿಯಲ್ಲಿ ಕೂತಿರೋದನ್ನೂ ಹೇಳದೆ ಹೋದರೆ ಸುಳ್ಳು ಹೇಳಿದ ಹಾಗೆ.

ಮಗಳನ್ನು ಶಿಕಾರಿಪುರಕ್ಕೆ ಕೊಟ್ಟಿದ್ದೇವೆ. ಬಾಣಂತನಕ್ಕೆ ಸೊರಬಕ್ಕೆ, ನಮ್ಮನೆಗೆ ಬಂದಿದ್ದಳು. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕೋದು, ಬಜೆಬೇರು ಕಲ್ಲಿನ ಮೇಲೆ ತೇಯ್ದು ನೆಕ್ಕಿಸೋದು, ಎಲ್ಲ ನಂದೇ ಕೆಲಸ. ಬಜೆ ತೇಯೋದು ತುಪ್ಪದಲ್ಲಿ. ನಮ್ಮನೆಯಲ್ಲಿ ಬರೀ ತುಪ್ಪ ಅಂದರೆ ಜೇನಿಂದು. ಗುಡವಿ ಕಾಡಿನ ಕಡೆ ಹೋದಾಗ ತುಡುವೆ ಜೇನಿನ ಗೂಡು ಕಣ್ಣಿಗೆ ಬಿದ್ದರೆ ನಮ್ಮ ಯಜಮಾನರು ಬಿಡೋರಲ್ಲ. ಹಸುವಿಂದಾದರೆ ದನದ ತುಪ್ಪ ಅಂತ ಬಿಡಿಸಿ ಹೇಳ್ತೇವೆ. ನಮ್ಮಮ್ಮ ನನಗೆ ನೆಕ್ಕಿಸಿದ್ದಳು, ನಾನು ಮಗಳಿಗೆ ನೆಕ್ಕಿಸಿದ್ದೆ. ಯಾರಿಗೂ ಏನೂ ಆಗಿರಲಿಲ್ಲ.

ಕೂಸಿಗೆ ಮೂರನೇ ತಿಂಗಳು ನಡೀತಿತ್ತು. ನಾಲ್ಕು ದಿನ ಹೊರಗೆ ಹೋಗಲಿಲ್ಲ. ಹೊಟ್ಟೆ ಸಡಿಲಾಗಲಿ ಅಂತ ನಾನು ಇನ್ನೆರಡು ಬೆರಳು ಜಾಸ್ತಿ ನೆಕ್ಕಿಸಿದೆ. ಆಮೇಲೆ ಅಳು ಕಮ್ಮಿಯಾಯ್ತು. "ಎಂಥಾ ಸಮಾಧಾನದ ಕೂಸು ಮಾರಾಯ್ತಿ, ಇದ್ದಾಳೋ ಇಲ್ಲವೋ ಗೊತ್ತಾಗಲ್ಲ" ಅಂತ ಪಕ್ಕದ ಮನೆಯವಳ ಹತ್ತಿರ ಬಾಯಿ ತುಂಬ ಹೊಗಳಿದೆ. ಮರುದಿನ ಹಾಲು ಚೀಪಲಿಕ್ಕೆ ಆಗದೆ ಬಾಯಂಚಿಂದ ಸೋರಿತು. ರೆಪ್ಪೆ ಅರ್ಧಕ್ಕೇ ಜೋತಿತ್ತು. ನೀರು ಹಾಕೋಣ ಅಂತ ಕಾಲ ಮೇಲೆ ಮಲಗಿಸಿಕೊಂಡರೆ ಕತ್ತು ಹಿಂಡಿದ ಬಟ್ಟೆ ಹಾಗೆ ಒಂದು ಕಡೆ ವಾಲಿತು.

ಶಿವಮೊಗ್ಗದ ಆಸ್ಪತ್ರೆಗೆ ಓಡಿದೆವು. ಮಕ್ಕಳ ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಕೇಳಬೇಕಾದ್ದನ್ನೆಲ್ಲ ಕೇಳಿದರು.

"ತಾಯಿ ಹಾಲು ಬಿಟ್ಟು ಬೇರೆ ಏನಾದ್ರೂ ಕೊಟ್ಟಿದ್ದೀರಾ ಅಮ್ಮ?"

"ಬಜೆ ಅಷ್ಟೇ ರೀ. ತುಪ್ಪದಲ್ಲಿ ತೇಯ್ದು."

"ಇನ್ಮೇಲೆ ಅದೆಲ್ಲ ಬೇಡ" ಅಂದು ಬರಕೊಂಡರು. ಅವರು ಬರಕೊಂಡಿದ್ದು ಹಸುವಿನ ತುಪ್ಪ. ನಾನು ಹೇಳಿದ್ದು ಜೇನಿಂದು. ಬೆನ್ನಿಂದ ನೀರು ತೆಗೆದರು, ತಲೆಯ ಫೋಟೋ ತೆಗೆಸಿದರು, ಏನೂ ಸಿಗಲಿಲ್ಲ. ಮಾರನೇ ದಿನ ಕೂಸಿಗೆ ಉಸಿರೆಳೆಯೋದಕ್ಕೂ ಆಗದೆ ಗಂಟಲಿಗೆ ನಳಿಗೆ ಇಳಿಸಿ ಮಿಷನ್ನಿಗೆ ಹಾಕಿದರು.

ಅದರ ಮರುದಿನ ಬೆಳಿಗ್ಗೆ ಬಾಗಿಲ ಹೊರಗಿನ ಬೆಂಚಿನ ಮೇಲೆ ನಾನೂ ಬೀಗತಿಯೂ, ಅಂದರೆ ಮಗಳ ಅತ್ತೆ, ಕೂತಿದ್ದೆವು. ಅವರ ಬಾಯಿ ಸ್ವಲ್ಪ ಜೋರು.

"ಅಲ್ರೀ, ತುಪ್ಪ ನೆಕ್ಸಿದ್ರೆ ಕೂಸು ಕಲ್ಲಿನಂಗ ಆಕ್ಕೈತಿ ಅಂತ ಫೋನಿನಾಗ ಹೇಳ್ತಿದ್ರಲ್ಲ. ಎಂಥಾ ತುಪ್ಪ ಅದು, ಎಮ್ಮೀದೇನು, ಆಕಳದೇನು?"

ನನಗೂ ಸಿಟ್ಟು ಬಂತು. "ನಿಮಗೆ ಎಮ್ಮೆ ಬಿಟ್ಟು ಬೇರೆ ಕಾಣೋದೇ ಇಲ್ಲವಾ? ಜೇನಿಂದು ರೀ, ಕಾಡಿಂದ ತಂದಿದ್ದು."

ಔಷಧದ ಟ್ರೇ ಹಿಡಿದು ಹೋಗ್ತಿದ್ದ ನರ್ಸು ನಿಂತುಬಿಟ್ಟಳು. "ಏನಂದ್ರಿ ಅಮ್ಮ? ಜೇನಾ?"

ಡಾಕ್ಟರಮ್ಮ ನಮ್ಮನ್ನೆಲ್ಲ ಒಳಗೆ ಕರೆದರು. ಜೇನಿನಲ್ಲಿ ಒಮ್ಮೊಮ್ಮೆ ಕಣ್ಣಿಗೆ ಕಾಣದ ಬೀಜದಂಥದ್ದು ಇರ್ತದಂತೆ. ದೊಡ್ಡವರ ಹೊಟ್ಟೆಯಲ್ಲಿ ಅದು ಮೊಳೆಯೋದಿಲ್ಲ. ವರ್ಷ ತುಂಬದ ಕೂಸಿನ ಕರುಳಲ್ಲಿ ಮೊಳೆತು ವಿಷ ಬಿಡ್ತದೆ. ಕೈಗೆ ಎತ್ತು, ಎದೆಗೆ ಉಸಿರೆಳಿ ಅಂತ ನರ ಹೇಳೋ ಮಾತನ್ನು ಆ ವಿಷ ದಾರಿಯಲ್ಲೇ ತಡೀತದೆ. ಮಲವನ್ನು ಪರೀಕ್ಷೆಗೆ ದೂರದ ಊರಿಗೆ ಕಳಿಸ್ತೇವೆ ಅಂದರು. ಅದಕ್ಕೆ ಪ್ರತಿವಿಷ ಇದೆಯಂತೆ, ನಮ್ಮ ಕಡೆ ಸಿಗೋದು ಕಷ್ಟ. ನರದ ತುದಿ ಹೊಸದಾಗಿ ಚಿಗುರೋವರೆಗೆ ಮಿಷನ್ನೇ ಉಸಿರಾಡಿಸಬೇಕು. ಬದುಕ್ತಾಳಾ ಅಂತ ಅಳಿಯ ಕೇಳಿದ. "ಪ್ರಯತ್ನ ಮಾಡೋಣ" ಅಂದರು.

"ಕೂಸಿಗೆ ಗೊತ್ತಾಗ್ತದಾ?" ಅಂತ ಮಗಳು ಕೇಳಿದಳು.

"ಕೇಳಿಸ್ತದೆ, ನೋವೂ ಗೊತ್ತಾಗ್ತದೆ. ಅಳೋದಕ್ಕೆ ಆಗಲ್ಲ ಅಷ್ಟೇ."

ನಾನು ಸಮಾಧಾನದ ಕೂಸು ಅಂದಿದ್ದೆನಲ್ಲ, ಅವತ್ತೇ ಅವಳು ಒಳಗೊಳಗೆ ಕೂಗ್ತಿದ್ದಳು. ಯಾವ ಕಡೆಯಿಂದ ಯೋಚಿಸಿದರೂ ಮನಸ್ಸು ಈ ಮಾತಿಗೇ ಬಂದು ನಿಲ್ತದೆ. ಕೂಸಿನ ನಾಲಿಗೆಗೆ ಹಚ್ಚಿದ ಬೆರಳು ಇದೇ ಬಲಗೈದು. ಆ ದಿನಗಳಲ್ಲಿ ಅದರಿಂದ ಅನ್ನ ಕಲಸಿದರೆ ತುತ್ತು ಒಳಗೆ ಹೋಗ್ತಿರಲಿಲ್ಲ. ದೇವರ ಹತ್ತಿರ ಬೇಡಲಿಕ್ಕೂ ಮುಖ ಇರಲಿಲ್ಲ. ವಿಷ ಹಾಕಿದವಳೇ ಹೋಗಿ ಕಾಪಾಡು ಅಂದರೆ ಅವನಾದರೂ ಏನು ಹೇಳಿಯಾನು? ದಿನಕ್ಕೆ ಒಂದೇ ಸಲ ಒಳಗೆ ಬಿಡೋರು. ಕೂಸಿನ ಮಂಚದ ಪಕ್ಕ ನಿಂತು, ಕೇಳಿಸ್ತದಂತಲ್ಲ ಅಂತ, ಏನೇನೋ ಹೇಳ್ತಿದ್ದೆ. ಎದೆ ಮಾತ್ರ ಏರಿ ಇಳೀತಿತ್ತು. ಅದೂ ಅವಳದ್ದಲ್ಲ, ಮಿಷನ್ನಿಂದು.

ಮಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಬೆಂಚಿಗೆ ಬಂದರೆ ಎದ್ದು ಹೋಗಿ ಕಿಟಕಿ ಹತ್ತಿರ ನಿಲ್ಲೋಳು. "ಬೇಕಂತ ಮಾಡ್ಯಾರೇನವ್ವ ನಿಮ್ಮವ್ವ?" ಅಂತ ಒಂದು ದಿನ ಬೀಗತಿಯೇ ಹೇಳಿದರು. ಆಗಲೂ ಅವಳು ತಿರುಗಲಿಲ್ಲ.

ನಾಲ್ಕನೇ ವಾರದಲ್ಲಿ ಎಡಗಾಲಿನ ಹೆಬ್ಬೆರಳು ಅಲ್ಲಾಡಿತು. ಆಮೇಲೆ ರೆಪ್ಪೆ ಏಳತೊಡಗಿತು. ಮಿಷನ್ ಬಿಡಿಸಿದ ಮೇಲೂ ಬಹಳ ದಿನ ಮೂಗಿನ ನಳಿಗೆಯಲ್ಲೇ ಹಾಲು. ಆಸ್ಪತ್ರೆಯಿಂದ ಬಿಟ್ಟಾಗ ಮಗಳು ಕೂಸನ್ನು ಎತ್ತಿಕೊಂಡು ನೆಟ್ಟಗೆ ಶಿಕಾರಿಪುರದ ಬಸ್ಸು ಹತ್ತಿದಳು. ನನಗೆ ಬಾ ಅನ್ನಲಿಲ್ಲ. ಸೊರಬದಿಂದ ಶಿಕಾರಿಪುರ ಎಷ್ಟು ದೂರ ಅಂತ? ಎರಡು ತಿಂಗಳು ನನಗೆ ಆ ದಾರಿಯೇ ಇರಲಿಲ್ಲ. ಯಜಮಾನರು ಗೂಡು ಕಂಡರೂ ನೋಡದವರ ಹಾಗೆ ದಾಟಿ ಬರ್ತಿದ್ದರು.

ಕೂಸಿಗೆ ಆರು ತಿಂಗಳು ತುಂಬಿದಾಗ ಫೋನ್ ಬಂತು. "ಅನ್ನ ಶುರು ಮಾಡಬಹುದಂತೆ. ನಾಳೆ ಬಾ" ಅಂದು ಇಟ್ಟುಬಿಟ್ಟಳು.

ಮಗಳ ಮನೆಗೆ ಮೊದಲ ಸಲ ಬರಿಗೈಯಲ್ಲಿ ಹೋದೆ. ಏನು ಒಯ್ಯಲಿಕ್ಕೂ ಹೆದರಿಕೆ.

ಬಾಗಿಲಲ್ಲಿ ಬೀಗತಿ ನಕ್ಕರು. "ಬರ್ರೀ ಬರ್ರೀ! ಏನ್ರೀ, ಕೈಬೀಸ್ಕಂಡು ಬಂದೀರಿ?"

ಮಗಳು ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿ, ಬಟ್ಟಲು ಕೈಗೆ ಕೊಟ್ಟಳು. ಗಂಜಿ ಇತ್ತು. ನಾನು ಕೇಳ್ತಾ ಹೋದೆ. ಅಕ್ಕಿ ಯಾವುದು, ನೀರು ಕುದಿಸಿದ್ದಾ, ಚಮಚ ತೊಳೆದಿದ್ದಾ, ಡಾಕ್ಟರಮ್ಮನಿಗೆ ಇನ್ನೊಂದು ಸಲ ಕೇಳೋಣವಾ.

"ಅಮ್ಮಾ" ಅಂದಳು ಮಗಳು, ನನ್ನ ಎದುರೇ ಕೂತು. "ಎಲ್ಲ ಕೇಳಿದ್ದೀನಿ. ತಿನ್ನಿಸು."

ಅರ್ಧ ಚಮಚ ಬಾಯಿಗೆ ಇಟ್ಟೆ. ಕೂಸು ಮುಖ ಹಿಂಡಿತು, ನಾಲಿಗೆಯಿಂದ ಆಚೆ ನೂಕಿತು, ಮತ್ತೆ ಒಳಗೆ ಎಳಕೊಂಡಿತು. ನಾವು ಮೂವರೂ ಅದರ ಗಂಟಲನ್ನೇ ನೋಡ್ತಾ ಕೂತಿದ್ದೆವು.

ನುಂಗಿದಳು.