ಒಂದೇ ತಟ್ಟೆಯ ಊಟ

ಮೇಲಿನ ರೂಮನ್ನು ಆ ಹುಡುಗಿಗೆ ಬಾಡಿಗೆಗೆ ಕೊಡಲು ನನಗೆ ಮನಸ್ಸಿರಲಿಲ್ಲ. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ಅವಳು ಇಥಿಯೋಪಿಯಾದವಳು, ಕೆಂಗೇರಿ ಕಡೆಯ ಕಾಲೇಜೊಂದರಲ್ಲಿ ಎಂ.ಎಸ್ಸಿ. ಓದಲು ಬಂದಿದ್ದಳು. ಕುರುಬರಹಳ್ಳಿಯ ನಮ್ಮ ಬೀದಿಯಲ್ಲಿ ಅದಾಗಲೇ ನಾಲ್ಕು ಮನೆಯವರು ‘ನೋಡಿ ಹೇಳ್ತೀವಿ’ ಎಂದು ಸಾಗಹಾಕಿದ್ದರು. ನಾನೂ ಅದನ್ನೇ ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮುಂದಿನ ಕೋಣೆಯ ಕುರ್ಚಿಯಿಂದ ಅವ್ವನ ದನಿ ಬಂತು.

“ಬಾಗಿಲಿಗೆ ಬಂದಾಕೀನ ನಿಲ್ಲಿಸಿ ಏನ್ ಮಾತಾಡ್ತೀಯ? ಒಳಗ ಕರಿ. ಮೊದಲ ನೀರು ಕೊಡು.”

ನಮ್ಮ ಮನೆಯಲ್ಲಿ ನಾನು, ಅವ್ವ ಇಬ್ಬರೇ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಯಾರು ಎಲ್ಲಿ ತಪ್ಪು ಮಾಡಿದ್ದಾರೆ ಎಂದು ಹುಡುಕುವುದು ಇವತ್ತಿಗೂ ಬಿಟ್ಟಿಲ್ಲ. ಅವ್ವ ಹಾವೇರಿ ಕಡೆಯವಳು. ಬೆಂಗಳೂರಿಗೆ ಬಂದು ಐವತ್ತು ವರ್ಷವಾದರೂ ಅವಳ ಮಾತು ಮಾತ್ರ ಊರು ಬಿಟ್ಟು ಬಂದಿಲ್ಲ. ಎದೆಯ ಮೇಲಿನ ಲಿಂಗಕ್ಕೆ ಪೂಜೆಯಾಗದೆ ತೊಟ್ಟು ಚಹಾ ಕೂಡ ಕುಡಿಯುವವಳಲ್ಲ. ಆ ಹುಡುಗಿಗೆ ನಾನು ಮೊದಲು ಹೇಳಿದ್ದೂ ಅದನ್ನೇ, “ನಮ್ಮನೇಲಿ ಮಾಂಸ, ಮೊಟ್ಟೆ ನಡೆಯಲ್ಲ ನೋಡಮ್ಮ.”

“ನೋ ಪ್ರಾಬ್ಲಂ ಆಂಟಿ,” ಎಂದಳು, ಬಂದ ಎರಡೇ ತಿಂಗಳಲ್ಲಿ ಕಲಿತ ಹರಕು ಕನ್ನಡದಲ್ಲಿ. “ಬುಧವಾರ, ಶುಕ್ರವಾರ ನಂಗೆ ಉಪವಾಸ. ಹಾಲು ಕೂಡ ಇಲ್ಲ.”

ಈಸ್ಟರ್ ಹಬ್ಬದ ಮುಂಚೆ ಅವರಲ್ಲಿ ಎಂಟು ವಾರದಷ್ಟು ಉದ್ದದ ಉಪವಾಸವೂ ಉಂಟಂತೆ. ಅವ್ವ ನನ್ನ ಕಡೆ ನೋಡಿ, “ನಿನಗಿಂತ ಶಿಸ್ತಿನಾಕಿ,” ಎಂದಳು. ರೂಮು ಕೊಟ್ಟಾಯಿತು.

ಮೊದಲ ತಿಂಗಳಲ್ಲೇ ನಾನೊಂದು ಎಡವಟ್ಟು ಮಾಡಿದೆ. ಬಟ್ಟೆ ಒಣಗಿಸಲು ತಾರಸಿಗೆ ಹೋದಾಗ ಅವಳ ಬಾಗಿಲ ಪಕ್ಕ ಒಂದು ಡಬ್ಬಿ ಕಂಡಿತು. ಮುಚ್ಚಳ ತೆಗೆದರೆ ನೀರಾಗಿ ಕಲಸಿದ ರಾಗಿಹಿಟ್ಟು, ಮೇಲೆಲ್ಲ ಗುಳ್ಳೆ, ಮೂಗಿಗೆ ಹೊಡೆಯುವ ಹುಳಿ. ಪಾಪ, ಹುಡುಗಿಗೆ ಗೊತ್ತಾಗಿಲ್ಲ ಎಂದುಕೊಂಡು ಚೆಲ್ಲಿ, ಡಬ್ಬಿ ತೊಳೆದು ಬೋರಲು ಹಾಕಿ, ಉಪಕಾರ ಮಾಡಿದ ಹೆಮ್ಮೆಯಲ್ಲಿ ಇಳಿದು ಬಂದೆ. ಅದು ಇಂಜೆರಾಗೆ ಮೂರು ದಿನದಿಂದ ಹುದುಗಿಸಿದ್ದ ಹಿಟ್ಟು. ಇಂಜೆರಾ ಎಂದರೆ ಅವರ ನಿತ್ಯದ ಊಟ, ಅಗಲವಾದ ಮೆತ್ತನೆಯ ಹುಳಿದೋಸೆ. ಅವರೂರಿನ ಧಾನ್ಯ ಇಲ್ಲಿ ಸಿಗದೆ ವಿಜಯನಗರದ ಮಾರ್ಕೆಟ್ಟಿನಲ್ಲಿ ರಾಗಿ ಹುಡುಕಿ ತಂದು ಮಾಡಿಕೊಂಡಿದ್ದಳು. ಸಂಜೆ ಅವಳಿಗೆ ವಿಷಯ ತಿಳಿಯಿತು. ಮಾರನೆಯ ದಿನ ಹೊಸ ಹಿಟ್ಟು ಕಲಸಿಟ್ಟು, ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿದ್ದಳು. ಒಂದನೇ ಕ್ಲಾಸಿನ ಮಕ್ಕಳಂತೆ ದಪ್ಪ ದಪ್ಪ ಕನ್ನಡ ಅಕ್ಷರದಲ್ಲಿ, ‘ಇದು ಕೆಟ್ಟಿಲ್ಲ’. ಒತ್ತು ಕೂಡ ಸರಿಯಾಗಿತ್ತು. ಬೆಂಗಳೂರಿಗೆ ಬಂದು ಮೂರು ತಿಂಗಳು ತುಂಬುವ ಮೊದಲೇ ಬಸ್ಸಿನ ಬೋರ್ಡು ಓದಿ ಓದಿ ಅಕ್ಷರ ಕಲಿತವಳು ಅವಳು.

ಬೆಳಗ್ಗೆ ಬಸ್ಸಿನಲ್ಲಿ ವಿಜಯನಗರಕ್ಕೆ ಹೋಗಿ, ಅಲ್ಲಿಂದ ಕೆಂಗೇರಿಗೆ ಮೆಟ್ರೋ ಹಿಡಿಯುತ್ತಿದ್ದಳು. ಸಂಜೆ ಬಂದು ಅವ್ವನ ಕುರ್ಚಿಯ ಪಕ್ಕ ಕೂತು ಅವತ್ತಿನ ವರದಿ ಒಪ್ಪಿಸುತ್ತಿದ್ದಳು. ಮೆಟ್ರೋ ಕಿಕ್ಕಿರಿದಿದ್ದರೂ ಇವಳ ಪಕ್ಕದ ಸೀಟು ಮಾತ್ರ ಖಾಲಿ ಇರುತ್ತಿತ್ತಂತೆ. “ಆರಾಮಾಗಿ ಬ್ಯಾಗ್ ಇಟ್ಕೊಂಡು ಬಂದೆ ಅಜ್ಜಿ,” ಎಂದು ನಗುತ್ತಿದ್ದಳು. ನಾನಾಗಿದ್ದರೆ ಇಡೀ ಬೋಗಿಯವರ ಜನ್ಮ ಜಾಲಾಡುತ್ತಿದ್ದೆ. ಅವಳಿಗೆ ಕಷ್ಟವಾಗಿದ್ದು ಅದಲ್ಲವಂತೆ, ರೂಮಿನಲ್ಲಿ ಒಬ್ಬಳೇ ಕೂತು ಊಟ ಮಾಡುವುದಂತೆ. ಅವರ ಊರಲ್ಲಿ ಒಬ್ಬರೇ ಉಣ್ಣುವವರನ್ನು ಕಂಡರೆ ಜನ ಅಯ್ಯೋ ಪಾಪ ಅನ್ನುತ್ತಾರಂತೆ.

ಊಟದ ಚಿಂತೆ ಕೆಳಗೂ ಇತ್ತು. ಅವ್ವನಿಗೆ ಕೈ ನಡುಗುವ ಕಾಯಿಲೆ. ಬುದ್ಧಿ ಕತ್ತರಿಯಷ್ಟು ಹರಿತ, ಕೈ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಬಾಯಿಗೆ ಹೋಗಬೇಕಾದ ಅನ್ನ ಸೀರೆಗೆ, ಸಾರು ನೆಲಕ್ಕೆ. ಒಮ್ಮೆ ನೆಂಟರ ಎದುರು ಹಾಗಾದ ಮೇಲೆ ಅವಳು ‘ಹಸಿವಿಲ್ಲ’ ಎನ್ನಲು ಶುರು ಮಾಡಿದಳು. ನಾನು ಕೊರಳಿಗೆ ಟವೆಲ್ ಕಟ್ಟಿ, ಚಮಚ ಹಿಡಿದು, “ಆ ಮಾಡವ್ವ,” ಎನ್ನುತ್ತಿದ್ದೆ. ಅವಳು ತುಟಿ ಬಿಗಿ ಹಿಡಿಯುತ್ತಿದ್ದಳು.

“ನಾ ಏನ್ ಕೂಸೇನು?”

ಬೈದೆ, ಬೇಡಿಕೊಂಡೆ, ಅತ್ತೆ. ಅವಳ ಕುಪ್ಪಸಗಳನ್ನು ಎರಡು ಸಲ ಬಿಗಿ ಮಾಡಿಸಿದ್ದಾಯಿತು. ತೂಕ ಹೀಗೇ ಇಳಿದರೆ ಮೂಗಿನಿಂದ ನಳಿಗೆ ಹಾಕಿ ಆಹಾರ ಕೊಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು.

ಒಂದು ಭಾನುವಾರ ಮಧ್ಯಾಹ್ನ ಹುಡುಗಿ ದೊಡ್ಡ ತಟ್ಟೆಯೊಂದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಇಳಿದು ಬಂದಳು. ತಟ್ಟೆ ತುಂಬ ರಾಗಿಯ ಇಂಜೆರಾ, ಮೇಲೆ ಕಡಲೆಹಿಟ್ಟಿನ ಗೊಜ್ಜು, ಎಲೆಕೋಸಿನ ಪಲ್ಯ. ನಾನು ಮೂರು ತಟ್ಟೆ ತರಲು ಒಳಗೆ ಹೊರಟೆ.

“ಬೇಡ ಆಂಟಿ, ಒಂದೇ ಸಾಕು.”

ಅವ್ವನ ಕುರ್ಚಿಯ ಮುಂದೆ ಮಣೆ ಎಳೆದುಕೊಂಡು ಕೂತಳು. ಒಂದು ಚೂರು ಹರಿದು, ಗೊಜ್ಜು ಸೇರಿಸಿ ಸುತ್ತಿ, ತನ್ನ ಕೈಯಿಂದಲೇ ಅವ್ವನ ಬಾಯಿಯ ಹತ್ತಿರ ಹಿಡಿದಳು. ಒಂದೇ ತಟ್ಟೆ, ಅದೇ ಕೈ, ಎಂಜಲು! ಅವ್ವ ಎಲ್ಲಿ ಸಿಡಿದು ಬೀಳುತ್ತಾಳೋ ಎಂದು ಅಡುಗೆಮನೆ ಬಾಗಿಲಲ್ಲೇ ನಿಂತೆ.

“ಅಜ್ಜಿ, ಇದು ಗುರ್ಷಾ. ನಮ್ಮಲ್ಲಿ ದೊಡ್ಡವರಿಗೆ ಮರ್ಯಾದೆ ಹಿಂಗೇ ಕೊಡೋದು. ಬೇಡ ಅಂದ್ರೆ ನಂಗೆ ಅವಮಾನ.”

ತುತ್ತು ಹಿಡಿದ ಕೈ ಹಾಗೇ ಇತ್ತು. ಅವ್ವ ಅವಳ ಮುಖ ನೋಡಿದಳು, ಕೈ ನೋಡಿದಳು, ಬಾಯಿ ತೆರೆದಳು.

ನಾನಾಗಿದ್ದರೆ ಗೆದ್ದೆನೆಂದು ಬೆನ್ನಿಗೇ ಇನ್ನೊಂದು ತುತ್ತು ತುರುಕುತ್ತಿದ್ದೆ. ಹುಡುಗಿ ಹಾಗೆ ಮಾಡಲಿಲ್ಲ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು, “ಈಗ ನೀವು,” ಎಂದು ತಾನೇ ಬಾಯಿ ತೆರೆದು ಕಾದಳು. ಅವ್ವ ಚೂರು ಹರಿಯಲು ಒದ್ದಾಡಿದಳು. ನಡುಗುವ ಕೈ ಹೊರಟಿತು, ಹುಡುಗಿಯ ಗಲ್ಲಕ್ಕೆ ಗೊಜ್ಜು, ಮೂಗಿನ ತುದಿಗೆ ಗೊಜ್ಜು. ಅವಳು ಮುಖ ಒರೆಸಿಕೊಳ್ಳಲಿಲ್ಲ, ಅವ್ವನ ಕೈ ಹಿಡಿದು ಸರಿಮಾಡಲೂ ಹೋಗಲಿಲ್ಲ. ತುತ್ತು ಬಾಯಿಗೆ ತಲುಪುವ ತನಕ ಕಾದು, ತಿಂದು, ಮುಂದಿನದನ್ನು ಸುತ್ತಿದಳು. ಅರ್ಧ ತಟ್ಟೆ ಹಾಗೇ ಖಾಲಿಯಾಯಿತು. ಅವ್ವ ಅಷ್ಟು ಉಂಡದ್ದನ್ನು ನಾನು ತಿಂಗಳುಗಳಿಂದ ನೋಡಿರಲಿಲ್ಲ.

ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು. ಹೆತ್ತ ಮಗಳು ಚಮಚ ಹಿಡಿದು ದಿನಾ ಗೋಗರೆದರೂ ಬಿಚ್ಚದ ಬಾಯಿ ಅದು. ಸಂಜೆ ತಡೆಯಲಾರದೆ ಕೇಳಿಯೇಬಿಟ್ಟೆ.

“ಎಂಜಲು ಅನ್ನಿಸ್ಲಿಲ್ವಾ ಅವ್ವ?”

“ಮರ್ಯಾದಿಂದ ಕೊಟ್ಟದ್ದು ಪ್ರಸಾದ,” ಎಂದಳು. “ನೀ ಕೊಡೋದು ಔಷಧಿ.”

ಆ ಮಾತು ನಾಟಿತು. ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಅವತ್ತಿನಿಂದ ಹುಡುಗಿಗೆ ಕೆಳಗೇ ಊಟ. ಕಾಲೇಜಿಂದ ಬಂದವಳೇ ಕೈಕಾಲು ತೊಳೆದು ಮಣೆ ಎಳೆದುಕೊಳ್ಳುತ್ತಿದ್ದಳು. ಪರೀಕ್ಷೆಯ ದಿನಗಳಲ್ಲೂ ತಪ್ಪಿಸಲಿಲ್ಲ, ಪಕ್ಕದಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಅವ್ವನಿಗೆ ತುತ್ತು ಕೊಟ್ಟು, ಅವ್ವನಿಂದ ತುತ್ತು ತಿಂದು ಓದಿದಳು. ಜೋಳದ ರೊಟ್ಟಿಯನ್ನೂ ಹಾಗೇ ತಿಂದಳು, ಗುರೆಳ್ಳು ಚಟ್ನಿಯನ್ನು ಮೇಲೆ ಮೇಲೆ ಕೇಳಿ ಹಾಕಿಸಿಕೊಂಡಳು. ದೂರದ ದೇಶಕ್ಕೆ ಓದಲು ಬಂದ ಹುಡುಗಿಯನ್ನು ನಾವು ನೋಡಿಕೊಳ್ಳಬೇಕಿತ್ತು, ಅವಳೇ ನಮ್ಮನ್ನು ನೋಡಿಕೊಂಡಳು. ಅವ್ವನ ಕೆನ್ನೆ ತುಂಬಿತು. ಡಾಕ್ಟರು ಮತ್ತೆ ನಳಿಗೆಯ ಸುದ್ದಿ ಎತ್ತಲಿಲ್ಲ. ನಾನು ಇಂಜೆರಾ ಹುಯ್ಯುವುದನ್ನು ಕಲಿತೆ, ಬಡಿಸಿದೆ, ತಟ್ಟೆ ತೊಳೆದೆ. ಅವರ ಜೊತೆ ಕೂರಲು ಮಾತ್ರ ಹೋಗಲಿಲ್ಲ.

“ನೀವು ಯಾವಾಗ ಊಟ ಮಾಡ್ತೀರ ಆಂಟಿ?”

“ಆಮೇಲೆ ಮಾಡ್ತೀನಿ ಬಿಡು.”

“ಒಬ್ರೇನಾ?” ಎಂದು ನನ್ನನ್ನು ನೋಡುತ್ತಿದ್ದಳು. ಕೆಲಸವಿದೆ ಎನ್ನುತ್ತಿದ್ದೆ. ಕೆಲಸವೇನೂ ಇರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಎಂಜಲಿನ ಅಳುಕು ಸ್ವಲ್ಪ, ಜಂಭ ಜಾಸ್ತಿ.

ಎರಡು ವರ್ಷಕ್ಕೆ ಅವಳ ಓದು ಮುಗಿಯಿತು. ಹೊರಡುವ ದಿನ ಅವ್ವನ ಪಾದ ಮುಟ್ಟಿ ನಮಸ್ಕರಿಸಿದಳು. ಅವ್ವ ಅವಳನ್ನು ಎಬ್ಬಿಸಿ ಎದೆಗೊತ್ತಿಕೊಂಡಳು. ನಾನು ಗುರೆಳ್ಳು ಚಟ್ನಿಯ ಪೊಟ್ಟಣವನ್ನು ಅವಳ ಬ್ಯಾಗಿಗೆ ತುರುಕಿ ಆಚೆ ತಿರುಗಿಕೊಂಡೆ.

ಮರುದಿನ ಊಟದ ಹೊತ್ತಿಗೆ ಅವ್ವ, “ಹಸಿವಿಲ್ಲ,” ಎಂದಳು. ಅದರ ಮರುದಿನವೂ ಅದೇ ಮಾತು. ನಾನು ಹುಡುಗಿಯಂತೆಯೇ ತುತ್ತು ಕಟ್ಟಿ ಹಿಡಿದೆ. ಅವ್ವ ಮುಖ ತಿರುಗಿಸಿದಳು. ನನ್ನ ಕೈಯಲ್ಲಿ ಅದು ಇನ್ನೂ ಔಷಧಿಯೇ ಆಗಿತ್ತು. ನಳಿಗೆ ಮತ್ತೆ ಕಣ್ಣ ಮುಂದೆ ಬಂತು. ಆ ರಾತ್ರಿ ನನಗೂ ಊಟ ಸೇರಲಿಲ್ಲ.

ಮೂರನೆಯ ದಿನ ಒಂದೇ ತಟ್ಟೆಗೆ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿಕೊಂಡು ಮಣೆಯ ಮೇಲೆ ಕೂತೆ. ಟವೆಲ್ ತರಲಿಲ್ಲ, ಚಮಚ ತರಲಿಲ್ಲ. ತಟ್ಟೆಯನ್ನು ಅವ್ವನ ತೊಡೆಯ ಮೇಲಿಟ್ಟೆ.

“ನಂಗ ಬ್ಯಾಡ. ಹಸಿವಿಲ್ಲ ಅಂದ್ನಲ್ಲ.”

“ನಂಗ ಹಸಿವಾಗೇತಿ ಅವ್ವ,” ಎಂದೆ.

ಆ ಮಾತು ನನ್ನ ಬಾಯಿಂದ ಅವಳ ಊರಿನ ಮಾತಾಗಿ ಹೇಗೆ ಬಂತೋ ಗೊತ್ತಿಲ್ಲ. ಅರವತ್ತು ದಾಟಿದ ನಾನು ಬಾಯಿ ತೆರೆದು ಕೂತೆ. ಅವ್ವ ನನ್ನ ಮುಖ ನೋಡಿದಳು. ಆಮೇಲೆ ರೊಟ್ಟಿ ಮುರಿಯಲು ಕೈ ಹಾಕಿದಳು. ಮೊದಲ ಚೂರು ಕೆಳಗೆ ಬಿತ್ತು. ಎರಡನೆಯದು ಕನ್ನಡಕಕ್ಕೆ ತಾಗಿ, ಗಲ್ಲಕ್ಕೆ ಪಲ್ಯ ಬಳಿದು, ಬಾಯಿ ಸೇರಿತು. ಒರೆಸಿಕೊಳ್ಳದೆ ಅಗಿದೆ. ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟೆ. ನಂತರ ನಾನೊಂದು ತುತ್ತು ಕಟ್ಟಿ ಎತ್ತಿ ಹಿಡಿದೆ.

ಅವ್ವ ತಿಂದಳು. ನಿಧಾನವಾಗಿ ಅಗಿದು ನುಂಗಿ, “ಉಪ್ಪು ಸಾಲದು,” ಎಂದು, ಮತ್ತೆ ಬಾಯಿ ತೆರೆದಳು.