ತೊಂಬತ್ತು ಸೈಜಿನ ಬನಿಯನ್ನು

ಬನಿಯನ್ನು, ಚಡ್ಡಿ, ಕರ್ಚೀಫು, ಟವೆಲ್ಲು. ಇಷ್ಟನ್ನೇ ಮಾರಿ ಇಪ್ಪತ್ತೇಳು ವರ್ಷ ಸಂಸಾರ ನಡೆಸಿದ ಆ ವ್ಯಾಪಾರಿಗೆ ಅಂಗಡಿ ಬೀದಿಯವರು ಇಟ್ಟ ಹೆಸರು ‘ಮೇಲಿನ್ದು’. ಹೆಸರಿಗೆ ಕಾರಣವಿತ್ತು. ಗಿರಾಕಿ ಬನಿಯನ್ನನ್ನು ಎಳೆದು, ಬೆಳಕಿಗೆ ಹಿಡಿದು, ಮೂಗು ಮುರಿದರೆ ಇವನು ವಾದಕ್ಕೆ ನಿಲ್ಲುತ್ತಿರಲಿಲ್ಲ. “ಬಿಡಿ ಸಾರ್, ನಿಮ್ಮಂಥೋರಿಗೆ ಮೇಲಿನ್ದೇ ಸರಿ” ಎಂದು ನಿಟ್ಟುಸಿರಿಟ್ಟು, ತುದಿಗಾಲಲ್ಲಿ ನಿಂತು, ಬಲಗೈಯನ್ನು ಪೂರ್ತಿ ಚಾಚಿ, ಎಲ್ಲಕ್ಕಿಂತ ಮೇಲಿನ ಶೆಲ್ಫಿನಿಂದ ಒಂದು ಡಬ್ಬ ಇಳಿಸಿ, ಅದರ ಧೂಳು ಊದುತ್ತಿದ್ದ. ಒಳಗಿರುತ್ತಿದ್ದುದು ಅದೇ ಬನಿಯನ್ನು. ಅದೇ ಕಂಪನಿ, ಅದೇ ನೂಲು, ಅದೇ ದರ. ಆದರೆ ವಯಸ್ಸಾದ ಮನುಷ್ಯ ತನಗೋಸ್ಕರ ಇಷ್ಟು ಮೈ ಚಾಚಿದನಲ್ಲ ಎಂಬ ಮುಲಾಜಿಗೆ ಗಿರಾಕಿ ಒಂದರ ಬದಲು ಎರಡು ಕಟ್ಟಿಸಿಕೊಳ್ಳುತ್ತಿದ್ದ.

ಅಂಥ ಕೈಯೇ ಒಂದು ದಿನ ಕೈಕೊಟ್ಟಿತು. ಭುಜ ಬಿಗಿದುಕೊಂಡು, ಬಲಗೈ ಎದೆಮಟ್ಟಕ್ಕಿಂತ ಮೇಲೆ ಹೋಗಲು ಒಪ್ಪಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ ಹೆಂಡತಿಯೇ ಸ್ಟೂಲು ಹತ್ತಬೇಕಾಯಿತು. ಆಕೆಗೆ ಸುಳ್ಳು ಬರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಮಂಡಿನೋವಿತ್ತು.

“ಅಯ್ಯೋ, ಕೆಳಗಿರೋದೂ ಇದೇ ಮಾಲು ಕಣಪ್ಪ, ಸುಮ್ನೆ ಯಾಕೆ ಹತ್ತಿಸ್ತೀಯ?” ಎಂದು ಆಕೆ ಮೂರು ಜನಕ್ಕೆ ಹೇಳಿದ್ದನ್ನು ಇವನು ಕಿವಿಯಾರೆ ಕೇಳಿ ಬೆವತುಹೋದ.

“ನೋಡಿ, ಭುಜ ಸರಿ ಮಾಡಿಸ್ಕೊಳ್ಳಿ. ಇಲ್ಲಾಂದ್ರೆ ಬಡಗಿನ ಕರೆದು ಆ ಶೆಲ್ಫೇ ಕೀಳಿಸಿಬಿಡ್ತೀನಿ” ಎಂದಳು.

ಶೆಲ್ಫು ಹೋದರೆ ಅಂಗಡಿಯಲ್ಲಿ ಉಳಿಯುವುದು ಬರೀ ಬಟ್ಟೆ. ಬರೀ ಬಟ್ಟೆ ಎದುರಿನ ಅಂಗಡಿಯಲ್ಲೂ ಸಿಗುತ್ತದೆ. ಅವನು ಮರುದಿನವೇ ಫಿಸಿಯೋಥೆರಪಿಗೆ ಹೋದ.

ಹಸಿರು ಪರದೆ, ಎತ್ತರದ ಮಂಚ, ಗೋಡೆಯಗಲ ಕನ್ನಡಿ. ಮಗಳ ವಯಸ್ಸಿನ ಡಾಕ್ಟರಮ್ಮ ಕೈ ತೊಳೆದುಕೊಂಡು ಬಂದು, “ಷರ್ಟ್ ತೆಗೀರಿ ಅಂಕಲ್” ಎಂದಳು.

ಅವನು ಷರ್ಟಿನ ಕಾಲರನ್ನು ಬಿಗಿಯಾಗಿ ಹಿಡಿದುಕೊಂಡ. ಊರಿಗೆಲ್ಲ ಹೊಸ ಬನಿಯನ್ನು ಮಾರುವ ಅವನು ಮೈಗೆ ಹಾಕಿಕೊಳ್ಳುತ್ತಿದ್ದುದು ಮಾರಲು ಬಾರದ ಮಾಲನ್ನು. ಅಂದಿನದಕ್ಕೆ ಕಂಕುಳಲ್ಲಿ ಮುಷ್ಟಿ ತೂರುವಷ್ಟು ತೂತು. ಅದು ಹೇಗೋ ನಡೆಯುತ್ತಿತ್ತು. ಬೆನ್ನ ಮೇಲೆ ಕಂಪನಿಯವರು ನೀಲಿ ಶಾಯಿಯಲ್ಲಿ ‘ರಿಜೆಕ್ಟ್’ ಎಂದು ಒತ್ತಿದ್ದ ಮುದ್ರೆಯಿತ್ತಲ್ಲ, ಮೂರು ವರ್ಷ ಒಗೆದರೂ ಅದರ ಒಂದಕ್ಷರವೂ ಮಾಸಿರಲಿಲ್ಲ. ಬನಿಯನ್ನಿಗೆ ಬಾಳಿಕೆ ಇಲ್ಲದಿದ್ದರೂ ಶಾಯಿಗೆ ಇತ್ತು.

“ಚಳಿ ಆಗುತ್ತಮ್ಮ” ಎಂದ, ಹಣೆಯ ಬೆವರು ಒರೆಸಿಕೊಳ್ಳುತ್ತ.

ಡಾಕ್ಟರಮ್ಮ ತಿರುಗುತ್ತಿದ್ದ ಫ್ಯಾನನ್ನೂ ಅವನನ್ನೂ ನೋಡಿದಳು. ಷರ್ಟಿನ ಮೇಲಿಂದಲೇ ಹತ್ತು ನಿಮಿಷ ಒತ್ತಿ, ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ ಹಿಡಿದು “ಎಂಬತ್ತು ಡಿಗ್ರಿ” ಎಂದು ಬರೆದುಕೊಂಡಳು. “ಅಂಕಲ್, ಹೀಗಾದ್ರೆ ಗುಣ ಆಗೋದು ನಿಮ್ಮ ಷರ್ಟು, ಭುಜ ಅಲ್ಲ.”

ಎರಡನೇ ಸಲವೂ ಚಳಿಯೇ ಆಯಿತು. ಅವನು ಅಂಗಡಿಗೆ ಬರುವಷ್ಟರಲ್ಲಿ ಬಡಗಿ ಬಂದು ಶೆಲ್ಫಿನ ಅಳತೆ ತೆಗೆದುಕೊಂಡು ಹೋಗಿದ್ದ.

ಮೂರನೇ ಸಲಕ್ಕೆ ಅವನು ಗಟ್ಟಿ ಮನಸ್ಸು ಮಾಡಿದ. ಹುಟ್ಟಿದಮೇಲೆ ಇದೇ ಮೊದಲೇನೋ ಎಂಬಂತೆ ಸ್ವಂತ ಅಂಗಡಿಯ ಹೊಸ ಡಬ್ಬ ಒಡೆದು, ತೊಂಬತ್ತು ಸೈಜಿನದೊಂದು ತೆಗೆದ. ಅಂಗಡಿ ತೆರೆದ ವರ್ಷ ಅವನ ಸೈಜು ತೊಂಬತ್ತು. ಆಮೇಲೆ ಅಳೆದಿರಲಿಲ್ಲ. ರಿಜೆಕ್ಟ್ ಮಾಲು ಸಿಕ್ಕಿದ ಸೈಜಿನಲ್ಲಿ ಬರುತ್ತದೆ, ಅಲ್ಲಿ ಅಳತೆಯ ಮಾತೇ ಇಲ್ಲ. ಹೊಟ್ಟೆಯ ಗಿರಾಕಿಗಳಿಗೆ “ನಿಮಗ್ಯಾಕೆ ಸಾರ್ ನೂರು, ತೊಂಬತ್ತೈದೇ ದೊಗಳೆ ಆಗುತ್ತೆ” ಎಂದು ಹೇಳಿ ಹೇಳಿ, ಆ ಮಾತು ತನಗೂ ಅಂಟಿಕೊಂಡಿದ್ದು ಅವನಿಗೆ ತಿಳಿದಿರಲಿಲ್ಲ.

ಹೆಂಡತಿ ಹಿಂದೆ ನಿಂತು ಎಳೆದೂ ಎಳೆದೂ ತೊಡಿಸಿದಳು. “ಹಾಸಿಗೆಗೆ ದಿಂಬಿನ ಕವರ್ ಹಾಕಿದ ಹಾಗಿದೆ ಕಣ್ರೀ.”

“ಹೊಸದು ಹಾಗೇ. ಹಾಕ್ತಾ ಹಾಕ್ತಾ ಬಿಡುತ್ತೆ” ಎಂದ. ಗಿರಾಕಿಗಳಿಗೆ ಹೇಳುವುದೂ ಇದನ್ನೇ.

ಪರದೆಯ ಹಿಂದೆ, ಹೇಳಿಸಿಕೊಳ್ಳದೆಯೇ ಷರ್ಟಿನ ಗುಂಡಿ ಬಿಚ್ಚಿ ನಿಂತ. ಕನ್ನಡಿಯಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ. ಉಸಿರಾಡುವುದು ಮಾತ್ರ ಸ್ವಲ್ಪ ಕಷ್ಟವಿತ್ತು.

ಡಾಕ್ಟರಮ್ಮ ಬಂದಳು. “ಗುಡ್. ಬನಿಯನ್ನೂ ತೆಗೀರಿ.”

ಇದೊಂದನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಸಹಾಯಕ್ಕೆ ಬಂದವಳನ್ನು ಬೇಡವೆಂದು ತಡೆದು, ಎಡಗೈಯಿಂದ ಅಂಚು ಹಿಡಿದು ತಲೆಯ ಮೇಲಕ್ಕೆ ಒಂದೇ ಏಟಿಗೆ ಎಳೆದ. ಬನಿಯನ್ನು ಹಗ್ಗದಂತೆ ಸುರುಳಿಯಾಗಿ ಮುಖಕ್ಕೂ ತೋಳಿಗೂ ಕಚ್ಚಿಕೊಂಡು ನಿಂತಿತು. ಮೇಲಕ್ಕೂ ಬಾರದು, ಕೆಳಕ್ಕೂ ಬಾರದು. ಹೊಟ್ಟೆ ಹೊರಗೆ, ತಲೆ ಒಳಗೆ, ಎರಡು ಕೈಯೂ ಆಕಾಶಕ್ಕೆ. ಇಪ್ಪತ್ತೇಳು ವರ್ಷದ ಅನುಭವಸ್ಥ ಒಳ್ಳೆ ಮಾಲಿನೊಳಗೆ ಸಿಕ್ಕಿಬಿದ್ದಿದ್ದ.

“ಅಂಕಲ್, ಅಲ್ಲಾಡಬೇಡಿ!”

“ಕತ್ತರಿ ಇದ್ಯೇನಮ್ಮ?” ಒಳಗಿನಿಂದ ಕ್ಷೀಣವಾದ ದನಿ ಬಂತು.

“ಕತ್ತರಿ ಆಮೇಲೆ. ಹಾಗೇ ಇರಿ.” ತಣ್ಣನೆಯ ಪಟ್ಟಿ ಭುಜಕ್ಕೆ ತಾಗಿತು. “ನೂರ ಮೂವತ್ತು! ನೋವಿದೆಯಾ?”

ಇತ್ತು. ಆದರೆ ಅದನ್ನು ಗಮನಿಸುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

“ಬಿಗಿ ಇರೋದು ಸ್ವಲ್ಪ. ಮಿಕ್ಕಿದ್ದು ನೋವಾಗುತ್ತೆ ಅನ್ನೋ ಭಯಕ್ಕೆ ನೀವೇ ಹಿಡಿದಿಟ್ಕೊಂಡಿರೋದು” ಎಂದು ಡಾಕ್ಟರಮ್ಮ ಬನಿಯನ್ನನ್ನು ಮೆಲ್ಲಗೆ ಬಿಡಿಸತೊಡಗಿದಳು. ಕತ್ತಿನ ಹಿಂದಿನ ಸೈಜಿನ ಚೀಟಿ ಕಣ್ಣಿಗೆ ಬಿತ್ತು. “ತೊಂಬತ್ತಾ? ನಿಮಗೆ ನೂರೈದಾದ್ರೂ ಬೇಕು! ಯಾವ ಅಂಗಡಿಯವನು ಕೊಟ್ಟ ಇದನ್ನ?”

“ಗೊತ್ತಿರೋನೇಮ್ಮ.”

“ಗೊತ್ತಿರೋರೇ ಟೋಪಿ ಹಾಕೋದು. ಹೋಗಿ ಚೆನ್ನಾಗಿ ಬೈದು ಬನ್ನಿ.”

“ಬೈತೀನಿ” ಎಂದ, ತಲೆ ಹೊರಗೆ ಬರುವ ಮೊದಲೇ.

ಮುಂದಿನ ಸಲ ಹಳೆಯದು, ದೊಗಳೆಯದು ಹಾಕಿಕೊಂಡು ಬರಬೇಕೆಂದು ಆಕೆ ಅಪ್ಪಣೆ ಕೊಟ್ಟಳು. ಅವನು ರಿಜೆಕ್ಟ್ ಹಾಕಿಕೊಂಡೇ ಹೋದ. ಡಾಕ್ಟರಮ್ಮ ಮುದ್ರೆ ಓದಿದಳು, ಕಂಕುಳ ತೂತಿನೊಳಗೆ ಬೆರಳು ತೂರಿಸಿ ನೋವಿನ ಜಾಗ ಹುಡುಕಿಕೊಂಡಳು. “ಇದು ಅನುಕೂಲವಾಗಿದೆ, ಇದನ್ನೇ ಹಾಕ್ಕೊಂಡು ಬನ್ನಿ” ಎಂದಳು. ಅಷ್ಟು ದಿನ ಅವನು ಮುಚ್ಚಿಟ್ಟ ಗುಟ್ಟಿಗೆ ಸಿಕ್ಕ ಮರ್ಯಾದೆ ಅಷ್ಟೇ.

ಮನೆಪಾಠವಾಗಿ ಬೆರಳುಗಳನ್ನು ಗೋಡೆಯ ಮೇಲೆ ಜೇಡನಂತೆ ಹತ್ತಿಸಬೇಕಿತ್ತು. ಅವನು ಅಂಗಡಿಯ ಶೆಲ್ಫುಗಳನ್ನೇ ಹತ್ತಿಸಿದ. ಕರ್ಚೀಫಿನ ಸಾಲು ದಾಟಲು ಎರಡು ವಾರ, ಟವೆಲ್ಲಿಗೆ ಮೂರು. ಬಡಗಿ ಎರಡು ಸಲ ಬಂದು ಇಣುಕಿದ. ಎರಡು ಸಲವೂ ಹೆಂಡತಿ, ಗಂಡನ ಬೆರಳು ಎಲ್ಲಿದೆಯೆಂದು ನೋಡಿ, “ಇನ್ನೊಂದು ವಾರ ತಡಿಯಪ್ಪ” ಎಂದು ಕಳಿಸಿದಳು.

ಏಳನೇ ವಾರ, ಗಿರಾಕಿಗಳಿಲ್ಲದ ಮಧ್ಯಾಹ್ನ, ಬೆರಳಿಗೆ ಮೇಲಿನ ಡಬ್ಬ ತಾಗಿತು. ಅವನು ತುದಿಗಾಲಲ್ಲಿ ನಿಂತು, ಹಲ್ಲು ಕಚ್ಚಿ, ಅದನ್ನು ಇಳಿಸಿ ಧೂಳು ಊದಿದ. ಸೈಜು ನೂರೈದು.

“ಯಾರಿಗ್ರೀ ಅದು?”

“ನನಗೇ.”

“ಕೆಳಗಿನ ಡಬ್ಬದಲ್ಲೂ ಅದೇ ಇತ್ತಲ್ರೀ!”

ಅವನು ಬನಿಯನ್ನನ್ನು ಎಳೆದು, ಬೆಳಕಿಗೆ ಹಿಡಿದು ನೋಡಿದ. ಅದೇ ಕಂಪನಿ, ಅದೇ ನೂಲು. ಇಷ್ಟು ಕಷ್ಟಪಟ್ಟು ಇಳಿಸಿದವನ ಮುಖ ನೋಡಿ ಬೇಡವೆನ್ನಲು ಅವನೊಳಗಿನ ಗಿರಾಕಿಗೆ ಮನಸ್ಸು ಬರಲಿಲ್ಲ.

“ಇರಬಹುದು ಕಣೇ, ಆದ್ರೂ ಇದು ಮೇಲಿನ್ದು” ಎಂದು ಎರಡು ತೆಗೆದಿಟ್ಟುಕೊಂಡ.